ಮೂಗು ಸೋರ್ತದ ಅಂತ ಸೂಜಿ ಬಿಡಬ್ಯಾಡವ್ವಾ

ಮೊನ್ನೆ ಕಟ್ಟೆ ಮೇಲೆ ಕೂತಾಗ ನೀನು ಅಂದೆ: "ಆಶಾ ಅಕ್ಕ ಕರದಿದ್ರು ಆಯಿ. ಕೂಸಿಗೆ ನೆಗಡಿ ಆಗ್ಯಾದ, ಮುಂದಿನ ತಿಂಗಳ ಬರ್ತೀನಿ ಅಂದೆ." ಮಂದಿಯ ಮುಂದೆ ನಾನು ಸುಮ್ಮನಾದೆ. ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮ ಆದಿತ್ಯನಗರ ಇರಲಿ, ಸೇಡಂ, ವಾಡಿ, ಶಹಾಬಾದ್ ಇರಲಿ, ತೊಗರಿ ರಾಶಿಯ ಹೊತ್ತಿಗೆ ಮೂಗು ಸೋರದ ಕೂಸು ಅಪರೂಪ. ಚಳಿ ಬೇರೆ, ಧೂಳು ಬೇರೆ. ಮೂಗು ಒಣಗಲಿ ಅಂತ ಕಾದರೆ ಒಂದು ನೆಗಡಿ ಹೋಗುವುದರೊಳಗೆ ಇನ್ನೊಂದು ಬಂದಿರುತ್ತದೆ. ಚಿಂಚೋಳಿ ಕಡೆಯ ತಾಂಡಾದವರು ದುಡಿಯಲು ಮುಂಬೈ, ಹೈದರಾಬಾದಿಗೆ ಹೊರಟರೆ ಕೂಸೂ ಬಗಲಲ್ಲೇ ಹೋಗುತ್ತದೆ. ಅಂಥವರಿಗೆ ತಪ್ಪಿದ ಒಂದು ಲಸಿಕೆ ದಿನ ಆರು ತಿಂಗಳಾಗುತ್ತದೆ.

ನಾನೂ ಹೀಗೇ ಮಾಡಿದ್ದೆ. 1985ರಲ್ಲಿ ಸರ್ಕಾರ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುಮಾಡಿ ದಡಾರದ ಸೂಜಿಯನ್ನೂ ಅದಕ್ಕೆ ಸೇರಿಸಿತು. ಅದಾದ ಕೆಲವು ವರ್ಷಕ್ಕೆ ನನ್ನ ಎರಡನೇ ಮಗನಿಗೆ ಒಂಬತ್ತು ತಿಂಗಳು ತುಂಬಿತು. ನೆಗಡಿ ಇತ್ತು, ಆರಾಮಾಗಲಿ ಅಂತ ಬಿಟ್ಟೆ. ಎರಡು ತಿಂಗಳಿಗೆ ದಡಾರ ಬಂತು. ಕೆಂಪಗಾದ ಕಣ್ಣು ತೆರೆಯಲಾರದೆ ಕೂಸು ನನ್ನ ಸೆರಗಿಗೆ ಮುಖ ಒತ್ತಿಕೊಂಡು ಮಲಗುತ್ತಿತ್ತು. ಮೊಲೆ ಕಚ್ಚುತ್ತಿರಲಿಲ್ಲ. ನಮ್ಮತ್ತೆ ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿ, ಅಮ್ಮ ಬಂದಾಳ ಅಂತ ಕೈಮುಗಿದರು. ಮಗ ಉಳಿದ. ಆದರೆ ನೆಗಡಿಯ ನೆಪ ಮಾಡಿದ್ದು ನಾನೇ ಅನ್ನುವುದು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ಡಾಕ್ಟರರು ಹೇಳುವುದನ್ನು ನೆಟ್ಟಗೆ ಕೇಳು. ಸಣ್ಣ ನೆಗಡಿ, ತುಸು ಕೆಮ್ಮು, ಬೆಚ್ಚನೆಯ ಮೈ, ಇವು ಯಾವುವೂ ಲಸಿಕೆಗೆ ಅಡ್ಡಿಯಲ್ಲ. ನೆಗಡಿ ಇದ್ದರೂ ಲಸಿಕೆ ತನ್ನ ಕೆಲಸ ಮಾಡುತ್ತದೆ, ನೆಗಡಿಯೂ ಅದರಿಂದ ಹೆಚ್ಚಾಗುವುದಿಲ್ಲ. ಮೈ ಕೆಂಡದಂತೆ ಸುಡುತ್ತಿದ್ದರೆ, ಉಸಿರಿಗೆ ಎದೆ ಸೆಳೆಯುತ್ತಿದ್ದರೆ, ಕೂಸು ಬಾಡಿ ಮಲಗಿದ್ದರೆ ಮಾತ್ರ ಮುಂದೂಡುತ್ತಾರೆ. ಹಾಗಿದ್ದಾಗ ಸೂಜಿಗೆ ಕಾಯದೆ ತಕ್ಷಣ ಡಾಕ್ಟರರಿಗೆ ತೋರಿಸಬೇಕು. ಹಿಂದಿನ ಸೂಜಿಗೆ ಮೈತುಂಬ ದದ್ದು ಎದ್ದು ಉಸಿರು ಕಟ್ಟಿದ್ದರೆ ಅದನ್ನೂ ಮೊದಲೇ ಹೇಳಬೇಕು.

ಹಾಕಬೇಕೋ ಬೇಡವೋ ಅನ್ನುವುದನ್ನು ಅಲ್ಲಿಗೆ ಹೋಗಿ ಸಿಸ್ಟರ್‌ಗೆ ಕೇಳು. ಮನೆಯಲ್ಲಿ ಕೂತು ನೀನೇ ತೀರ್ಪು ಕೊಡಬೇಡ.

ದಡಾರ ಕಾಯುವ ರೋಗವಲ್ಲ. ಒಬ್ಬರಿಗೆ ಬಂದರೆ, ಸೂಜಿಯಾಗದ ಹತ್ತು ಮಂದಿ ಹತ್ತಿರವಿದ್ದರೆ ಒಂಬತ್ತು ಮಂದಿಗೆ ಹತ್ತಬಹುದು. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲೂ ಎರಡು ತಾಸು ಅದರ ವೈರಾಣು ಇರುತ್ತದೆ. ಆಶಾ ಅಕ್ಕ ಮನೆಮನೆಗೆ ಬಂದು ಯಾಕೆ ಕರೆಯುತ್ತಾಳೆ ಗೊತ್ತೇನು? ದಡಾರ-ರುಬೆಲ್ಲಾ ಲಸಿಕೆಯ ಪುಡಿಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದು ದಂಡ. ಅದಕ್ಕೇ ಕೂಸುಗಳೆಲ್ಲ ಒಂದೇ ಹೊತ್ತಿಗೆ ಕೂಡಬೇಕು.

ನಿನ್ನ ಕೂಸಿಗೆ ಒಂಬತ್ತು ತಿಂಗಳು ತುಂಬಿವೆ. ಈ ಲಸಿಕೆಯ ಮೊದಲ ಡೋಸು ಈಗ, ಎರಡನೆಯದು 16ರಿಂದ 24 ತಿಂಗಳೊಳಗೆ. ಹಿಂದೆ ಯಾವುದಾದರೂ ತಪ್ಪಿದ್ದರೆ ಹೆದರಬೇಡ, ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಹಾಕುತ್ತಾರೆ. ಹಾಕಿಸಿದ ಮೇಲೆ ಅರ್ಧ ತಾಸು ಅಲ್ಲೇ ಕೂತು ಬಾ.

ಮುಂದಿನ ತಿಂಗಳು ಬೇಡವ್ವಾ. ಈ ಸಲದ ಲಸಿಕೆ ದಿನವೇ ಮೂಗು ಒರೆಸಿ, ಕುಂಚಿಗೆ ಕಟ್ಟಿ, ತಾಯಿ ಕಾರ್ಡ್ ಹಿಡಿದು ಹೊರಡು. ಒಬ್ಬಳೇ ಹೋಗಲು ಅಂಜಿಕೆಯಾದರೆ ನನ್ನ ಬಾಗಿಲು ಬಡಿ, ನಾನೂ ಬರುತ್ತೇನೆ.