ಕೆಟ್ಟ ಟ್ರ್ಯಾಕ್ಟರು ಎಳೆಯುವಾಗ ಎಚ್ಚರ



ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರು ರಾತ್ರಿ ದಾರಿಯಲ್ಲಿ ಕೆಟ್ಟು ನಿಂತರೆ ಸರಪಳಿ ಬಿಗಿದು ಎಳೆಯುವುದು ಸಾಸ್ತೂರದ ಕಡೆಗೆ ಹಳೆಯ ರೂಢಿ. ಆದರೆ 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿದೆ. ಇಂಥ ಇಂಜಿನ್ನಿಗೆ ಎಷ್ಟು ಡೀಸೆಲ್, ಯಾವಾಗ ಎಂಬುದನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆ ನಿರ್ಧರಿಸುತ್ತದೆ. ಬ್ಯಾಟರಿ ಪೂರ್ತಿ ಇಳಿದರೆ ಎಳೆದು ಚಾಲೂ ಮಾಡುವ ಉಪಾಯ ಇಲ್ಲಿ ನಡೆಯದು.

ಆದ್ದರಿಂದ ಇವನ್ನು ನೆನಪಿಡಿರಿ:

1. ಮೊದಲು ಟ್ರಾಲಿಯ ಗಾಲಿಗಳಿಗೆ ಕಲ್ಲು ಕೊಡಿರಿ. ಆಮೇಲೆ ಪಿನ್ನು ತೆಗೆದು ಬೇರ್ಪಡಿಸಿರಿ.

2. ಇಂಜಿನ್ ನಿಂತಾಗ ಪವರ್ ಸ್ಟೇರಿಂಗ್ ಬಹಳ ಬಿಗಿಯಾಗುತ್ತದೆ. ಸರಪಳಿಗಿಂತ ಗಟ್ಟಿ ಕಬ್ಬಿಣದ ದಂಡ ಲೇಸು. ನಡುವಿನ ಅಂತರ 5 ಮೀಟರ್ ಮೀರಬಾರದು. ಗೇರು ನ್ಯೂಟ್ರಲ್ಲಿನಲ್ಲಿರಲಿ, ನಡಿಗೆ ನಿಧಾನವಿರಲಿ.

3. ಎಳೆಯುವ ಟ್ರ್ಯಾಕ್ಟರಿನ ಕೆಳಗಿನ ಡ್ರಾಬಾರಿಗೇ ಕಟ್ಟಿರಿ. ಎತ್ತರಕ್ಕೆ ಕಟ್ಟಿದರೆ ಮುಂಗಾಲಿ ಎದ್ದು ಟ್ರ್ಯಾಕ್ಟರು ಡ್ರೈವರನ ಮೇಲೆಯೇ ಮಗುಚೀತು.

4. ಮುರಿದ ಹುಕ್ಕಿಗೆ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿಯ ತಂತಿ ಬಿಚ್ಚಿಸಿರಿ. ಇಲ್ಲದಿದ್ದರೆ ಆ ಪೆಟ್ಟಿಗೆ ಸುಟ್ಟೀತು.

ಕೊನೆಯ ಮಾತು: ಕತ್ತಲಲ್ಲಿ ನಿಂತ ಟ್ರಾಲಿ ಹಿಂದಿನಿಂದ ಬರುವ ಮೋಟಾರ್ ಸೈಕಲ್ಲಿನವನಿಗೆ ಕಾಣುವುದಿಲ್ಲ. ಕೆಂಪು ರಿಫ್ಲೆಕ್ಟರಿಗೆ ಬ್ಯಾಟರಿಯೂ ಬೇಡ, ತಂತಿಯೂ ಬೇಡ. ಕಬ್ಬು ಹೇರುವ ಮೊದಲೇ ಹಚ್ಚಿಸಿರಿ. ಕಬ್ಬು ನಾಳೆ ಮುಟ್ಟಿದರೂ ನಡೆದೀತು. ಹೋದ ಜೀವ ತಿರುಗಿ ಬಾರದು.