ಆಲಿಸ್ ಕೂಪರ್: ಹೊಸ ಕೇಳುಗರಿಗೆ

ಕಣ್ಣ ಸುತ್ತ ಕಪ್ಪು ಬಳಿದುಕೊಂಡು, ಕೊರಳಿಗೆ ಹಾವು ಸುತ್ತಿಕೊಂಡ ಗಾಯಕನ ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಆಲಿಸ್ ಕೂಪರ್ ಎಂದರೆ ಇಷ್ಟೇ ಎಂದುಕೊಂಡು ದೂರ ಉಳಿದವರು ಬಹಳ ಮಂದಿ. ಹೊಸಬರಿಗೆ ನಾನು ಹೇಳುವುದು ಒಂದೇ: ಮೊದಲು ಹಾಡು ಕೇಳಿ, ವೇಷ ಆಮೇಲೆ ನೋಡಿದರಾಯಿತು.

ಇವರ ನಿಜ ಹೆಸರು ವಿನ್ಸೆಂಟ್ ಫರ್ನಿಯರ್. ಹುಟ್ಟಿದ್ದು 1948ರಲ್ಲಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ; ಹೈಸ್ಕೂಲು ಓದಿದ್ದು ಅರಿಜೋನಾದ ಫೀನಿಕ್ಸ್‌ನಲ್ಲಿ. ಅಲ್ಲಿ ಗೆಳೆಯರ ಜೊತೆ ಕಟ್ಟಿದ ಬ್ಯಾಂಡು ಹಲವು ಹೆಸರು ಬದಲಿಸಿ 1968ರಲ್ಲಿ ‘ಆಲಿಸ್ ಕೂಪರ್’ ಆಯಿತು. ಅಂದರೆ ಮೊದಲಿಗೆ ಅದು ಐವರ ತಂಡದ ಹೆಸರು. ಸಂಗೀತಗಾರ ಫ್ರಾಂಕ್ ಜಪ್ಪಾ ಅವರ ರೆಕಾರ್ಡ್ ಕಂಪನಿಯಿಂದ ಬಂದ ಮೊದಲ ಎರಡು ಆಲ್ಬಂಗಳನ್ನು ಯಾರೂ ಮೂಸಿ ನೋಡಲಿಲ್ಲ.

ಹಾಡಿಗಿಂತ ಮೊದಲು ಹಬ್ಬಿದ್ದು ಸುದ್ದಿ. 1969ರಲ್ಲಿ ಟೊರಾಂಟೊದ ಉತ್ಸವವೊಂದರಲ್ಲಿ ವೇದಿಕೆಗೆ ಕೋಳಿಯೊಂದು ಬಂತು. ಅದು ಹಾರಿಹೋಗುತ್ತದೆ ಎಂದುಕೊಂಡು ಕೂಪರ್ ಅದನ್ನು ಜನರತ್ತ ಎಸೆದರು. ಜನ ಅದನ್ನು ಹರಿದುಹಾಕಿದರು. ಆದರೆ ಊರೆಲ್ಲ ಹಬ್ಬಿದ್ದು ಇವರೇ ಕೋಳಿಯ ತಲೆ ಕಚ್ಚಿ ರಕ್ತ ಕುಡಿದರು ಎಂಬ ಸುದ್ದಿ. ಅಲ್ಲಗಳೆಯಬೇಡ ಎಂದು ಜಪ್ಪಾ ಬುದ್ಧಿ ಹೇಳಿದರಂತೆ.

ಸುದ್ದಿಯಿಂದ ಬ್ಯಾಂಡು ಬಾಳುವುದಿಲ್ಲ. ಇವರನ್ನು ದಡ ಸೇರಿಸಿದ್ದು ಬಾಬ್ ಎಜ್ರಿನ್ ಎಂಬ ತರುಣ ನಿರ್ಮಾಪಕ. ಉದ್ದಕ್ಕೆ ಎಳೆದಾಡುತ್ತಿದ್ದ ಒಂದು ಹಾಡನ್ನು ಅವರು ಮೂರು ನಿಮಿಷಕ್ಕೆ ಬಿಗಿದರು. ಅದೇ ‘ಐಯಾಮ್ ಏಟೀನ್’. ಇದನ್ನು ನಿಧಾನವಾಗಿ ಕೇಳಿ. ಹುಡುಗನೂ ಅಲ್ಲದ, ಗಂಡಸೂ ಅಲ್ಲದ ಹದಿನೆಂಟರ ಗೊಂದಲವನ್ನು ಒರಟು ಗಂಟಲಲ್ಲಿ ಹೇಳಿಕೊಳ್ಳುತ್ತಾ ಹೋಗುವವನು, ಕೊನೆಗೆ ಆ ಗೊಂದಲವೇ ತನಗಿಷ್ಟ ಎಂದು ಕೂಗುತ್ತಾನೆ. ದೂರು ಹೆಮ್ಮೆಯಾಗಿ ತಿರುಗುವ ಆ ಗಳಿಗೆ ಸಿಕ್ಕರೆ ಕೂಪರ್ ನಿಮಗೆ ಅರ್ಧ ಅರ್ಥವಾದಂತೆ.

ಮುಂದಿನದು 1972ರ ‘ಸ್ಕೂಲ್ಸ್ ಔಟ್’. ತಂಡದ ಗ್ಲೆನ್ ಬಕ್ಸ್‌ಟನ್ ಅವರ ಗಿಟಾರು ಮೊದಲ ಕ್ಷಣದಲ್ಲೇ ಕೆಣಕುತ್ತದೆ, ನಡುವೆ ಮಕ್ಕಳ ದನಿ ಸೇರುತ್ತದೆ, ಕೊನೆಗೆ ಶಾಲೆಯ ಗಂಟೆ. ಬ್ರಿಟನ್ನಿನಲ್ಲಿ ಇದು ಮೊದಲ ಸ್ಥಾನಕ್ಕೇರಿತು. ಇದನ್ನು ಬಿಬಿಸಿ ಪ್ರಸಾರ ಮಾಡಕೂಡದೆಂದು ಹೋರಾಡಿದ ಮೇರಿ ವೈಟ್‌ಹೌಸ್ ಅವರಿಗೆ ಕೂಪರ್ ಹೂಗುಚ್ಛ ಕಳಿಸಿದರು; ಅಷ್ಟು ಪ್ರಚಾರ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಮರುವರ್ಷ ‘ಬಿಲಿಯನ್ ಡಾಲರ್ ಬೇಬೀಸ್’ ಆಲ್ಬಂ ಅಮೆರಿಕ, ಬ್ರಿಟನ್ ಎರಡರಲ್ಲೂ ಅಗ್ರಸ್ಥಾನ ಪಡೆಯಿತು.

ಈಗ ವೇದಿಕೆಗೆ ಬನ್ನಿ. ಅಲ್ಲಿ ಆಲಿಸ್ ಒಬ್ಬ ಖಳ. ಅವನು ಅಟ್ಟಹಾಸ ಮಾಡುತ್ತಾನೆ, ಗೊಂಬೆಗಳನ್ನು ಕಡಿಯುತ್ತಾನೆ. ಆದರೆ ಆಟ ಮುಗಿಯುವ ಹೊತ್ತಿಗೆ ಗಲ್ಲುಗಂಬವೋ ಗಿಲೋಟಿನ್ನೋ ಅವನಿಗಾಗಿ ಕಾದಿರುತ್ತದೆ. ತಲೆ ಉರುಳಿದ ಮೇಲೆ ಬಿಳಿ ಸೂಟು ತೊಟ್ಟು ಮತ್ತೆ ಬರುತ್ತಾನೆ. ಆ ಗಿಲೋಟಿನ್ ರೂಪಿಸಿ, 1973ರ ಪ್ರವಾಸದಲ್ಲಿ ಶಿರಚ್ಛೇದ ಮಾಡುವವನ ಪಾತ್ರ ಮಾಡಿದವರು ಹೆಸರಾಂತ ಜಾದೂಗಾರ ಜೇಮ್ಸ್ ರ‍್ಯಾಂಡಿ. ತಪ್ಪಿಗೆ ಶಿಕ್ಷೆಯಾಗಲೇಬೇಕು ಎಂಬ ಹಳೆಯ ನಾಟಕನೀತಿ ಇದು; ಇದನ್ನು ಬರೀ ಗಿಮಿಕ್ ಎನ್ನುವುದು ಅನ್ಯಾಯ.

1975ರ ‘ವೆಲ್‌ಕಮ್ ಟು ಮೈ ನೈಟ್‌ಮೇರ್’ನಿಂದ ಅವರದು ಒಂಟಿ ಪಯಣ. ‘ಓನ್ಲಿ ವಿಮೆನ್ ಬ್ಲೀಡ್’ ಎಂಬ ಮೆಲುದನಿಯ ಹಾಡು ಗಂಡನ ಹೊಡೆತ ತಿನ್ನುವ ಹೆಂಡತಿಯ ಪರ ನಿಲ್ಲುತ್ತದೆ. ಭಯಾನಕ ವೇಷದವನು ಇಂಥದ್ದನ್ನು ಹಾಡಬಲ್ಲ ಎಂಬುದನ್ನು ಮರೆಯಬಾರದು. ಆಮೇಲೆ ಕುಡಿತ ಅವರನ್ನು ಹಿಂಡಿತು. ಎಂಬತ್ತರ ದಶಕದಲ್ಲಿ ಅದನ್ನು ಬಿಟ್ಟರು. 1989ರಲ್ಲಿ ‘ಪಾಯ್ಸನ್’ ಹಾಡು ಬಂದು ಅವರನ್ನು ಹೊಸ ತಲೆಮಾರಿಗೆ ಪರಿಚಯಿಸಿತು. 2025ರಲ್ಲಿ ಹಳೆಯ ಬ್ಯಾಂಡಿನ ಗೆಳೆಯರೊಂದಿಗೆ ಮತ್ತೆ ಆಲ್ಬಂ ಮಾಡಿದರು.

ಎಲ್ಲವನ್ನೂ ಒಮ್ಮೆಲೇ ಕೇಳಬೇಕಿಲ್ಲ. ಮೇಲೆ ಹೇಳಿದ ನಾಲ್ಕು ಹಾಡುಗಳನ್ನು ಅದೇ ಕ್ರಮದಲ್ಲಿ ಕೇಳಿ, ನಂತರ 1971ರ ‘ಕಿಲ್ಲರ್’ ಆಲ್ಬಮನ್ನು ಪೂರ್ತಿಯಾಗಿ ಕೇಳಿ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ ಅದೇ.