ಹಳೆಯ ಸರ್ವರ್ ಆರಿಸುವ ಮೊದಲು

ಪ್ರೀತಿಯ ಮಗಳೇ,

ಸೊಸೈಟಿಯ ಸರ್ವರ್ ಬದಲಿಸುವ ಹೊಣೆಯನ್ನು ನಿನಗೇ ವಹಿಸಿದ್ದಾರೆ ಎಂದು ನಿಮ್ಮಪ್ಪ ಹೇಳಿದ. ಕೇಳಿ ಬಹಳ ಸಂತೋಷವಾಯಿತು. ನಿಮ್ಮಲ್ಲಿರುವ ವಿಂಡೋಸ್ ಸರ್ವರ್ 2012 ಆರ್2ಗೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ. ರೈತರ ಸಾಲ, ಠೇವಣಿಗಳ ಲೆಕ್ಕವನ್ನು ಇನ್ನೂ ಅದರ ಮೇಲೇ ಇಟ್ಟುಕೊಂಡು ಕೂರುವುದು ಸರಿಯಲ್ಲ. ಆಡಳಿತ ಮಂಡಳಿಯನ್ನು ಒಪ್ಪಿಸಿ ಹಣ ಮಂಜೂರು ಮಾಡಿಸಿದೆಯಲ್ಲ, ಅದೇ ದೊಡ್ಡ ಕೆಲಸ.

ಹೊಸ ಸರ್ವರಿಗೆ ಸಾಫ್ಟ್‌ವೇರ್ ಹಾಕಲು ಒಂದು ಮಧ್ಯಾಹ್ನ ಸಾಕು. ಹಳೆಯದನ್ನು ನಂಬಿಕೊಂಡು ಕಚೇರಿಯಲ್ಲಿ ಏನೇನು ನಡೆಯುತ್ತಿದೆ ಎಂದು ತಿಳಿಯಲು ಮಾತ್ರ ವಾರಗಳೇ ಬೇಕು. ಆ ವಾರಗಳಲ್ಲಿ ಮಾತ್ರ ಉಳಿತಾಯ ಮಾಡಲು ಹೋಗಬೇಡ.

ಇದ್ದ ಯಂತ್ರದ ಮೇಲೆಯೇ ಅಪ್‌ಗ್ರೇಡ್ ಮಾಡಿಬಿಡಿ ಎಂದು ಯಾರಾದರೂ ಹೇಳಿಯಾರು. ಎಲ್ಲರ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್ ವಿಷಯದಲ್ಲಿ ಆ ದಾರಿ ಬೇಡ. ಹೊಸ ಶ್ಯಾನುಭೋಗ ಹಳೆಯವರ ಪಕ್ಕದಲ್ಲೇ ಕೂತು ದಫ್ತರ ವಹಿಸಿಕೊಳ್ಳುವ ಹಾಗೆ, ಹೊಸ ಸರ್ವರನ್ನು ಅದೇ ಡೊಮೇನಿಗೆ ಎರಡನೆಯ ಕಂಟ್ರೋಲರಾಗಿ ಸೇರಿಸು. ಎರಡರ ನಡುವೆ ಮಾಹಿತಿ ಸರಿಯಾಗಿ ಹರಿಯುತ್ತಿದೆ ಎಂದು ಖಾತ್ರಿಯಾದ ಮೇಲೆ ಡೊಮೇನಿನ ವಿಶೇಷ ಹೊಣೆಗಳಾದ ಐದು ಎಫ್‌ಎಸ್‌ಎಂಒ ಪಾತ್ರಗಳನ್ನು ಹೊಸದಕ್ಕೆ ವರ್ಗಾಯಿಸು. ಗಡಿಯಾರ ನೋಡಿಕೊಳ್ಳುವುದು ಆ ಪಾತ್ರಗಳಲ್ಲೊಂದಾದ ಪಿಡಿಸಿ ಎಮ್ಯುಲೇಟರ್. ಸಮಯದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆರ್ಬರೋಸ್ ಲಾಗಿನ್ ನಿರಾಕರಿಸುತ್ತದೆ. ಆದ್ದರಿಂದ ವರ್ಗಾಯಿಸಿದ ದಿನವೇ ಸಮಯ ಸರಿಯಿದೆಯೇ ನೋಡಿಬಿಡು.

ವಿಂಡೋಸ್ ಸರ್ವರಿನ 2025ರ ಆವೃತ್ತಿಗೇ ನೇರವಾಗಿ ಹೋಗುವ ಆಸೆ ನಿನಗಿರಬಹುದು. ಅದರ ಡೊಮೇನ್ ಕಂಟ್ರೋಲರ್ ಸೇರಬೇಕಾದರೆ ಡೊಮೇನಿನ ಫಂಕ್ಷನಲ್ ಲೆವೆಲ್ 2016 ಆಗಿರಬೇಕು, ಆ ಮಟ್ಟದಲ್ಲಿ ನಿಮ್ಮ 2012 ಆರ್2 ಇರುವಂತಿಲ್ಲ. ಈಗ 2022 ಹಾಕಿದರೆ ಸಾಕು, ಅದಕ್ಕೆ 2031ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ನಿಮ್ಮ ಡೊಮೇನ್ ಹುಟ್ಟಿದ್ದು 2003ರ ಸರ್ವರಿನ ಕಾಲದಲ್ಲಾದರೆ ಇನ್ನೊಂದು ಮಾತು. ಕಂಟ್ರೋಲರುಗಳು ಹಂಚಿಕೊಳ್ಳುವ ಸಿಸ್‌ವಾಲ್ ಫೋಲ್ಡರ್ ಇನ್ನೂ ಹಳೆಯ ಎಫ್‌ಆರ್‌ಎಸ್ ಪದ್ಧತಿಯಲ್ಲೇ ಇದ್ದೀತು. ಹಾಗಿದ್ದರೆ 2022 ಒಳಗೆ ಬರಲು ಒಪ್ಪುವುದೇ ಇಲ್ಲ. ಅದನ್ನು ಮೊದಲು ಡಿಎಫ್‌ಎಸ್‌ಆರ್‌ಗೆ ಬದಲಿಸಿಕೋ.

ಇಷ್ಟನ್ನು ಪುಸ್ತಕ ನೋಡಿಯೂ ಮಾಡಬಹುದು. ಕಷ್ಟವಿರುವುದು ಮೂಲೆಯಲ್ಲಿರುವ ಜೆರಾಕ್ಸ್ ಮೆಷಿನ್ನಿನಲ್ಲಿ. ಸಾಲ ವಿಭಾಗದವರು ಪಹಣಿ, ಜಾಮೀನುಪತ್ರಗಳನ್ನು ಅದರಲ್ಲಿ ಸ್ಕ್ಯಾನ್ ಮಾಡಿ ನೇರ ಸರ್ವರಿನ ಫೋಲ್ಡರಿಗೆ ಕಳಿಸುತ್ತಾರಲ್ಲವೇ? ಹಳೆಯ ಮೆಷಿನ್ನುಗಳಲ್ಲಿ ಬಹಳಷ್ಟಕ್ಕೆ ಫೈಲ್ ಕಳಿಸಲು ಎಸ್‌ಎಂಬಿ1 ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ, ಹೊಸ ಸರ್ವರಿನಲ್ಲಿ ಅದನ್ನು ಮೊದಲೇ ತೆಗೆದಿರುತ್ತಾರೆ. ಸೋಮವಾರ ಬೆಳಿಗ್ಗೆ ಸ್ಕ್ಯಾನ್ ಹೋಗದೆ, ಕೌಂಟರಿನ ಮುಂದೆ ರೈತರು ನಿಂತಿರುವಾಗ, ‘ಮೇಡಂ, ಅದೊಂದನ್ನು ಆನ್ ಮಾಡಿಕೊಡಿ, ಸಾಕು’ ಎಂಬ ಒತ್ತಡ ಬರುತ್ತದೆ. ದಯವಿಟ್ಟು ಮಾಡಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ತುಂಬ ಹರಡಿದ್ದು ಈ ಎಸ್‌ಎಂಬಿ1ರ ದೋಷದ ಮೂಲಕವೇ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಆ ದೋಷಕ್ಕೆ ಮದ್ದು ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದಕ್ಕೇ ಹೇಳುತ್ತಿದ್ದೇನೆ, ಸರ್ವರ್ ಮುಟ್ಟುವ ಮೊದಲೇ ಆ ಮೆಷಿನ್ ಪರೀಕ್ಷಿಸು. ಫರ್ಮ್‌ವೇರ್ ಬದಲಿಸಿದರೆ ಸರಿಹೋದೀತು, ಇಲ್ಲವಾದರೆ ಸ್ಕ್ಯಾನ್ ಇಮೇಲಿಗೆ ಬರುವಂತೆ ಮಾಡು. ಅದೂ ಆಗದಿದ್ದರೆ ಹೊಸ ಮೆಷಿನ್ನಿನ ಖರ್ಚನ್ನೂ ಈಗಲೇ ಮಂಡಳಿಯ ಮುಂದಿಡು.

ದಿನವೂ ಸ್ಕ್ಯಾನ್ ಮಾಡುವವರ ಪಕ್ಕ ಒಂದು ಹೊತ್ತು ಕೂರು. ಅವರು ಏನು ಒತ್ತುತ್ತಾರೆ, ಫೈಲನ್ನು ಎಲ್ಲಿ ಹುಡುಕುತ್ತಾರೆ ನೋಡಿಕೋ. ಬಯೋಮೆಟ್ರಿಕ್ ಹಾಜರಾತಿ ಯಂತ್ರ, ಪ್ರಿಂಟರುಗಳಲ್ಲಿ ಹಳೆಯ ಸರ್ವರಿನ ಐಪಿ ವಿಳಾಸವನ್ನು ಯಾರೋ ಎಂದೋ ಕೈಯಲ್ಲೇ ಬರೆದಿಟ್ಟಿರುತ್ತಾರೆ. ಕಂಪ್ಯೂಟರುಗಳನ್ನೂ ಬದಲಿಸುವುದಾದರೆ ನುಡಿ ಫಾಂಟುಗಳನ್ನು ಮರೆಯಬೇಡ. ಅವಿಲ್ಲದಿದ್ದರೆ ಹಳೆಯ ಠರಾವುಗಳು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ, ಫೈಲೇ ಹಾಳಾಯಿತೆಂದು ಪಾಪ ಗುಮಾಸ್ತರು ಗಾಬರಿಯಾಗುತ್ತಾರೆ. ಬ್ಯಾಕಪ್ ತೆಗೆದೆನೆಂದು ಸುಮ್ಮನಾಗದೆ, ಅದರಿಂದ ಒಂದು ಫೋಲ್ಡರನ್ನು ಮರಳಿ ತೆಗೆದು, ತೆರೆದು ನೋಡು.

ಎಲ್ಲ ಮುಗಿದ ಮೇಲೂ ಹಳೆಯ ಸರ್ವರನ್ನು ಡೊಮೇನಿನಿಂದ ತೆಗೆಯಲು ಅವಸರ ಬೇಡ. ಸಂಬಳದ ದಿನ ಒಳಗೊಳ್ಳುವ ಒಂದು ವಾರ ಅದನ್ನು ಬರೀ ಆರಿಸಿಡು. ಯಾರು ಬಂದು ಏನು ನಿಂತಿತು ಎನ್ನುತ್ತಾರೋ ಬರೆದುಕೋ. ದೂರುಗಳೆಲ್ಲ ತೀರಿದ ಮೇಲೆ ಮತ್ತೆ ಚಾಲೂ ಮಾಡಿ, ಕ್ರಮವಾಗಿ ಡಿಮೋಟ್ ಮಾಡಿ ಬಿಡುಗಡೆ ಕೊಡು.

ಪಾತ್ರಗಳನ್ನು ವರ್ಗಾಯಿಸುವ ಭಾನುವಾರ ಜೊತೆಗೊಬ್ಬರಿರಲಿ ಅನಿಸಿದರೆ ಸಂಕೋಚಪಡದೆ ಫೋನ್ ಮಾಡು. ಬೆಳಗಿನ ಬಸ್ಸಿಗೇ ಹೊರಟು ಬರುತ್ತೇನೆ. ದೊಡ್ಡಮ್ಮ ನಿನಗೆ ಚಕ್ಕುಲಿ ಕಳಿಸುವವಳಿದ್ದಾಳೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ